ಬೀಗರ ಚುಕ್ಕೆ

ಜಯನಗರದ ಅನಂತಪದ್ಮನಾಭರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಪಾಠ ಮುಗಿದಿತ್ತು, ಚಟ ಮುಗಿದಿರಲಿಲ್ಲ. ನೆಂಟರ ಮನೆಯ ಮುಂಜಿ, ಮದುವೆ ಯಾವುದಕ್ಕೆ ಹೋದರೂ ಎಷ್ಟು ಕಾರ್ಡು ಹಂಚಿದಿರಿ, ಊಟಕ್ಕೆ ಎಷ್ಟು ಎಲೆ ಆಯಿತು ಎಂದು ಕೇಳಿಕೊಂಡು ಬಂದು ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಎಲ್ಲ ಚುಕ್ಕೆಗಳಿಗೂ ಆದಷ್ಟು ಹತ್ತಿರವಾಗಿ ಒಂದು ನೇರ ಗೆರೆ. ಕಾರ್ಡಿನ ಲೆಕ್ಕ ಕೊಟ್ಟರೆ ಗೆರೆ ಎಲೆಯ ಲೆಕ್ಕ ಹೇಳುತ್ತಿತ್ತು: ಕಾರ್ಡಿಗೆ ಹೆಚ್ಚುಕಮ್ಮಿ ಎರಡು.

ಮಗಳು ಪ್ರಕೃತಿ ಇಟ್ಟಮಡುವಿನ ಚಿಕ್ಕಬೈರಪ್ಪನವರ ಮಗ ಮೋಹಿತನನ್ನು ಮೆಚ್ಚಿದಳು. ಬೇರೆ ಜಾತಿ ಎಂದು ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದ ತಂದೆ, ಒಪ್ಪಿದ ಮೇಲೆ ಒಂದೇ ಹಟ ಹಿಡಿದರು: ಬೀಗರ ಮುಂದೆ ಊಟದಲ್ಲಿ ಮರ್ಯಾದೆ ಹೋಗಬಾರದು. ಎರಡೂ ಕಡೆಯ ಕಾರ್ಡು ಎಣಿಸಿ, ಗೆರೆ ಹೇಳಿದಷ್ಟೇ ಎಲೆಯ ಲೆಕ್ಕವನ್ನು ಅಡುಗೆಯವರಿಗೆ ಬರೆದುಕೊಟ್ಟರು.

“ಅವರ ಕಡೆ ಕಾರ್ಡಿಗೂ ಇದೇ ಗೆರೇನಾ?” ಎಂದು ಹೆಂಡತಿ ಕಾತ್ಯಾಯಿನಿ ಕೇಳಿದರು.

“ಗೆರೆಗೆ ಜಾತಿ ಇಲ್ಲ ಕಣೇ.”

ಮಾತೇನೋ ದೊಡ್ಡದೇ. ಆದರೆ ಹಾಳೆಯಲ್ಲಿದ್ದ ಚುಕ್ಕೆಗಳೆಲ್ಲ ಅವರ ನೆಂಟರವೇ. ಆ ಮನೆಗಳಿಗೆ ಕಾರ್ಡು ಹೋದರೆ ಗಂಡ ಹೆಂಡತಿ ಬರುತ್ತಾರೆ, ಸಕ್ಕರೆ ಕಾಯಿಲೆ ಎಂದು ಹೋಳಿಗೆ ಬೇಡವೆನ್ನುತ್ತಾರೆ. ಇಟ್ಟಮಡುವಿನಲ್ಲಿ ಕಾರ್ಡು ಕೊಟ್ಟರೆ ಇಡೀ ಮನೆಗೆ ಕೊಟ್ಟ ಹಾಗೆ. ಅಣ್ಣತಮ್ಮಂದಿರು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಹೊರಡಬೇಕು. ಬಾರದಿದ್ದರೆ ಮುನಿಸು ಎಂದರ್ಥ.

ಮುಹೂರ್ತದ ದಿನ ಛತ್ರದ ಮುಂದೆ ಟೆಂಪೋಗಳು ಸಾಲಾಗಿ ಬಂದು ನಿಂತವು. ಎರಡನೇ ಪಂಕ್ತಿಗೇ ಹೋಳಿಗೆ ಮುಗಿಯಿತು, ಆಮೇಲೆ ಪಲ್ಯ. ಅನಂತಪದ್ಮನಾಭರು ಬೀಗರ ಬಳಿ ಹೋಗಿ ಕೈ ಮುಗಿದರು.

“ತಪ್ಪಾಯ್ತು. ನನ್ನ ಅಂದಾಜು ತಪ್ಪಿತು.”

“ನಮ್ಮ ಜನ ಜಾಸ್ತಿ ಸಾರ್, ನಿಮ್ದೇನು ತಪ್ಪು?” ಎಂದರು ಚಿಕ್ಕಬೈರಪ್ಪ. “ಅಕ್ಕಿ ಐತಲ್ಲ? ಅನ್ನ ಸಾರು ಮಾಡ್ಸಿ, ಕಾಯ್ತೀವಿ.”

ಗಂಡಿನ ಕಡೆಯವರಾಗಿದ್ದೂ ತಮ್ಮವರನ್ನು ಎಬ್ಬಿಸಿ, ಹೆಣ್ಣಿನ ಕಡೆಯವರನ್ನು ಮೊದಲು ಕೂರಿಸಿದರು. ಕೊನೆಯ ಪಂಕ್ತಿಯಲ್ಲಿ ಬೀಗರಿಬ್ಬರೂ ಪಕ್ಕಪಕ್ಕ ಕುಳಿತು ಅನ್ನ ಸಾರು ಉಂಡರು. ಯಾರೂ ಮುನಿಸಿಕೊಂಡು ಹೋಗಲಿಲ್ಲ.

ಮರುದಿನ ಅನಂತಪದ್ಮನಾಭರು ಹಾಳೆಯಲ್ಲಿ ಹೊಸ ಚುಕ್ಕೆ ಇಟ್ಟರು. ಅದು ಗೆರೆಯಿಂದ ಬಹಳ ಮೇಲೆ ಒಂಟಿಯಾಗಿ ಕುಳಿತಿತ್ತು. ಅದನ್ನು ಸೇರಿಸಿಕೊಂಡರೆ ಗೆರೆಯನ್ನೇ ಹೊಸದಾಗಿ ಎಳೆಯಬೇಕು.

“ಎಲ್ಲೋ ದೂರ ಬಿದ್ದಿರೋ ಚುಕ್ಕೇನ ಲೆಕ್ಕಕ್ಕೆ ತಗೋಬಾರ್ದು ಅಂತ ನೀವೇ ಹೇಳ್ತಿದ್ರಿ,” ಎಂದರು ಕಾತ್ಯಾಯಿನಿ. “ಬಿಟ್ಬಿಡಿ.”

ಅನಂತಪದ್ಮನಾಭರು ಹಳೆಯ ಗೆರೆಯನ್ನು ರಬ್ಬರಿನಿಂದ ಉಜ್ಜತೊಡಗಿದರು.

“ಬಿಡೋಕಾಗಲ್ಲ ಕಣೇ. ಅವರು ಈಗ ನಮ್ಮೋರು.”