ಬುತ್ತಿಯಲ್ಲಿ ಬಂದ ಕೀಲಿ

ನಮ್ಮ ಕಂಪ್ಯೂಟರಿನ ಕೀಲಿಯನ್ನು ಕೊಂದವನು ನಾನೇ. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ತಲೆಗೆ ನೀರು ಹಾಕಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು, ಭಕ್ತಿಯಿಂದ ಕೊಂದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಮುಂದೆ ಕಂಪನಿಯವರಿಗೆ ಬಹಳ ಬೈಯುವವನಿದ್ದೇನೆ, ತಪ್ಪೆಲ್ಲ ಅವರದೇ ಎಂದು ಯಾರೂ ತಿಳಿಯಬಾರದು.

ಅವು ತೊಂಬತ್ತರ ದಶಕದ ನಡುವಿನ ವರ್ಷಗಳು. ಸಿಂಧನೂರಿನಲ್ಲಿ ನನ್ನದೊಂದು ಪ್ರೆಸ್ಸು, ಪ್ರತಿ ಸೋಮವಾರ ಹೊರಡುವ ನಾಲ್ಕು ಪುಟದ ವಾರಪತ್ರಿಕೆ. ಎಂಬತ್ತರ ದಶಕವಿಡೀ ಸೀಸದ ಅಚ್ಚುಮೊಳೆ ಜೋಡಿಸಿಯೇ ಪತ್ರಿಕೆ ತಂದಿದ್ದೆವು. ಮೊಳೆ ಜೋಡಿಸುತ್ತಿದ್ದವರು ಮಸ್ಕಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹಿರಿಯ ಕಂಪೋಜಿಟರ್. ನನಗೆ ಅವರು ಕಾಕಾ, ಅವರಿಗೆ ನಾನು ತಮ್ಮ. ಕಂಪ್ಯೂಟರ್ ತಂದಾಗ ಕಾಕಾ ಮೂಗು ಮುರಿದಾರು ಎಂದು ಹೆದರಿದ್ದೆ. ಮುದುಕ ಹದಿನೈದೇ ದಿನಕ್ಕೆ ಕೀಬೋರ್ಡು ಕಲಿತು, "ಇದರಾಗ ಮೊಳಿ ಸವಿಯಂಗಿಲ್ಲ, ಕೈ ಕರ್ರಗಾಗಂಗಿಲ್ಲ, ಮೊದಲ ಯಾಕ ತರಲಿಲ್ಲೋ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಕನ್ನಡ ಅಕ್ಷರ ಮೂಡಿಸುವ ತಂತ್ರಾಂಶ ಬೆಂಗಳೂರಿನ ಒಂದು ಕಂಪನಿಯದು. ಅದರ ಜೊತೆಗೆ ಬೆಂಕಿಪೊಟ್ಟಣದಷ್ಟು ಒಂದು ತುಂಡು ಕೊಟ್ಟಿದ್ದರು. ಅವರು ಅದಕ್ಕೆ ಲಾಕ್ ಎನ್ನುತ್ತಿದ್ದರು, ನಾವು ಕೀಲಿ ಎನ್ನುತ್ತಿದ್ದೆವು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ್ದರಷ್ಟೇ ಕನ್ನಡ. ಕಿತ್ತರೆ ನೀವು ಟೈಪು ಮಾಡಿಟ್ಟದ್ದನ್ನು ನೀವೇ ತೆರೆದು ನೋಡುವಂತಿಲ್ಲ. ಕಳ್ಳರು ನಕಲು ಮಾಡಬಾರದೆಂದು ಹೀಗೆ ಮಾಡಿದ್ದೇವೆ ಎಂದು ಅವರ ಕಾಗದ ಹೇಳುತ್ತಿತ್ತು. ಅಂದರೆ ಕಾಸು ಕೊಟ್ಟು ಕೊಂಡ ನಾನೂ ದಿನಾ ಬೆಳಿಗ್ಗೆ ನಾನು ಕಳ್ಳನಲ್ಲ ಎಂದು ಆ ತುಂಡಿನ ಮುಂದೆ ಸಾಬೀತು ಮಾಡಬೇಕು! ದೊಡ್ಡ ಪತ್ರಿಕೆಗಳು ಆಗ ಭಾನುವಾರದ ಪುಟಗಳಲ್ಲಿ ಮಾಹಿತಿ ಕ್ರಾಂತಿ ಎಂದು ಹಲಗೆ ಬಾರಿಸುತ್ತಿದ್ದವು. ಇನ್ನು ಮುಂದೆ ಎಲ್ಲರ ಕೈಯಲ್ಲೂ ಎಲ್ಲವೂ ಇರುತ್ತದಂತೆ. ಕೀಲಿ ಯಾರ ಕೈಯಲ್ಲಿರುತ್ತದೆ ಎಂದು ಒಬ್ಬರೂ ಬರೆಯಲಿಲ್ಲ. ನಾನೂ ಬರೆದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ಬುಡಕ್ಕೆ ಬರುವ ತನಕ ನನಗೂ ಅದು ತೋಚಿರಲಿಲ್ಲ.

ಆ ವರ್ಷದ ಪೂಜೆಯಲ್ಲಿ ನಾನು ಕಂಪ್ಯೂಟರಿಗೆ ಕುಂಕುಮ ಹಚ್ಚಿ ಮುಗಿಸುತ್ತಿದ್ದೆ. ಕಾಕಾ ತಡೆದರು.

"ತಮ್ಮಾ, ಬರೇ ಡಬ್ಬಿಗೆ ಹಚ್ಚಿದ್ರ ಏನು ಬಂತು? ಅದರ ಜೀವ ಇರೋದು ಆ ಕೀಲ್ಯಾಗ."

ಮಾತು ನಿಜವೆನಿಸಿತು. ಕೀಲಿ ಕಿತ್ತು, ಕತ್ತರಿ ಮತ್ತು ಹಳೆಯ ಮೊಳೆಗಳ ಜೊತೆ ತಾಟಿನಲ್ಲಿಟ್ಟೆ. ಮೂರು ಬೆರಳಿಂದ ವಿಭೂತಿ ಎಳೆದೆ. ಕಾಯಿ ಒಡೆದು ನೀರನ್ನು ಎಲ್ಲದರ ಮೇಲೂ ಧಾರಾಳವಾಗಿ ಎರೆದೆ. ಮರುದಿನ ವಿಜಯದಶಮಿಯ ಬನ್ನಿ ಹಬ್ಬ, ಪ್ರೆಸ್ಸು ಮುಚ್ಚಿತ್ತು. ಶನಿವಾರ ಕೀಲಿಯನ್ನು ಒರೆಸಿ ಸಿಕ್ಕಿಸಿದೆ. ಕೀಲಿ ಸಿಕ್ಕಿಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಕಿತ್ತು ಮತ್ತೆ ಸಿಕ್ಕಿಸಿದೆ. ಅದೇ ಮಾತು. ಕಾಯಿಯ ನೀರು ಅದರ ಸೂಜಿಗಳ ಸಂದಿಯೊಳಗೆ ಇಳಿದು, ವಿಭೂತಿಯೊಡನೆ ಕಲೆತು ಗಟ್ಟಿಯಾಗಿತ್ತು. ಕಾಕಾ ಸೂಜಿ ಹಾಕಿ ಕೆದರಿದರು, ಬಿಸಿಲಿಗಿಟ್ಟರು, ಊದಿದರು. ಅದು ಸತ್ತಿತ್ತು.

ಬೇರೆ ವಾರವಾಗಿದ್ದರೆ ನಗುತ್ತಿದ್ದೆನೋ ಏನೋ. ಆ ವಾರ ನಗು ಬರಲಿಲ್ಲ. ಜವಳಗೇರಾ, ತುರ್ವಿಹಾಳದ ಕಡೆ ಕಾಲುವೆಯ ಕೊನೆಗೆ ಹೊಲ ಇದ್ದವರಿಗೆ ಆ ಸಲ ನೀರು ಮುಟ್ಟಿರಲಿಲ್ಲ, ಭತ್ತ ಕಾಳು ಕಟ್ಟುವ ಹೊತ್ತು. ಮಂಗಳವಾರ ಸಿಂಧನೂರಿನಲ್ಲಿ ಕಾಲುವೆ ಸಾಹೇಬರ ಸಭೆ. ಯಾರ ಹೊಲಕ್ಕೆ ಎಷ್ಟು ದಿನದಿಂದ ನೀರಿಲ್ಲ ಎಂದು ರೈತರು ಬಂದು ಒಬ್ಬೊಬ್ಬರಾಗಿ ಬರೆಸಿ ಹೋಗಿದ್ದರು. ಎರಡು ಪುಟ ತುಂಬುವ ಪಟ್ಟಿ. ಬಾಯಿಮಾತಿನಲ್ಲಿ ಹೇಳಿದರೆ ಸಭೆಯಲ್ಲಿ ಗಾಳಿಗೆ ಹೋಗುತ್ತದೆ, ಅಚ್ಚಾಗಿ ಕೈಯಲ್ಲಿದ್ದರೆ ಸಾಹೇಬರು ಓದಲೇಬೇಕು ಎಂದು ಅವರಿಗೆ ಆಸೆ ಹುಟ್ಟಿಸಿದವನೇ ನಾನು. ಕಾಕಾ ಪಟ್ಟಿಯನ್ನು ಆಗಲೇ ಟೈಪು ಮಾಡಿ ಮುಗಿಸಿ, ಬರೆದ ಹಾಳೆಗಳನ್ನು ರೈತರಿಗೇ ಹಿಂದಿರುಗಿಸಿದ್ದರು. ಪಟ್ಟಿ ಈಗ ಇದ್ದದ್ದು ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ. ಮಾತು ರೈತರದು, ಬೆರಳು ಕಾಕಾನದು, ಯಂತ್ರ ನನ್ನದು. ಆದರೂ ಅದನ್ನು ತೆರೆಯುವ ಅಧಿಕಾರ ಬೆಂಗಳೂರಿನಲ್ಲಿತ್ತು.

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಕಾಕಾನನ್ನೂ ಕರೆದುಕೊಂಡು ಓಡಿದೆ. ಕಂಪನಿಯವನು ತಾಳ್ಮೆಯಿಂದಲೇ ಮಾತಾಡಿದ. ಲಾಕ್ ಹಾಳಾದರೆ ಹೊಸ ತಂತ್ರಾಂಶವನ್ನೇ ಪೂರ್ತಿ ಬೆಲೆಗೆ ಕೊಳ್ಳಬೇಕು, ಬರಲು ಹದಿನೈದು ದಿನ.

"ನನ್ನ ಬರಹ ಒಳಗ ಸಿಕ್ಕೊಂಡೈತಲ್ರಿ, ಅದನ್ನರ ತೆಗೆಯೋ ದಾರಿ ಹೇಳ್ರಿ."

"ಲಾಕ್ ಇಲ್ಲದೆ ಆಗಲ್ಲ ಸಾರ್. ಇನ್ನೊಂದು ವಿಷಯ, ಬೇರೆಯವರ ಲಾಕ್ ತಂದು ಹಾಕಿದರೆ ತೆರೆಯುತ್ತೆ, ಆದರೆ ಅದು ಕಳ್ಳತನ. ದಯವಿಟ್ಟು ಹಾಗೆ ಮಾಡಬೇಡಿ."

ಆ ಪುಣ್ಯಾತ್ಮ ಹೇಳುವವರೆಗೆ ನನಗೆ ಆ ವಿಚಾರ ಹೊಳೆದೇ ಇರಲಿಲ್ಲ! ಅವನಿಗೆ ಮನಸಾರೆ ನಮಸ್ಕಾರ ಹೇಳಿ ಫೋನಿಟ್ಟೆ.

ಲಿಂಗಸುಗೂರಿನಲ್ಲಿ ನನ್ನ ಶಾಲೆಯ ದೋಸ್ತನೊಬ್ಬ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ. ಅವನದೂ ಅದೇ ಕಂಪನಿಯ ತಂತ್ರಾಂಶ. ಅವನಿಗೆ ಫೋನು ಹಚ್ಚಿದೆ. ಅವನು ಹುಟ್ಟು ಪುಕ್ಕಲ.

"ಲೇ, ಅವ್ರಿಗೆ ಗೊತ್ತಾದ್ರ ನನ್ನ ಕೀಲೀನೂ ಬಂದ್ ಮಾಡ್ತಾರ. ನನ್ನ ಹೊಟ್ಟಿ ಮ್ಯಾಲೆ ಯಾಕ ಕಲ್ಲು ಹಾಕ್ತಿ?"

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ಆಡಿ ಕೆಲಸ ಕೆಡಿಸುತ್ತಿದ್ದೆ, ಅಷ್ಟರಲ್ಲಿ ಕಾಕಾ ರಿಸೀವರ್ ಕಸಿದುಕೊಂಡರು.

"ತಮ್ಮಾ, ನಾ ಮಸ್ಕಿ ಕಾಕಾ ಮಾತಾಡಾಕತ್ತೀನಿ. ನಿಮ್ಮಪ್ಪ ಸಂತೆಕಲ್ಲೂರಾಗ ಒಕ್ಕಲುತನ ಮಾಡಿದವ್ರು. ಬಿತ್ತೋ ಹೊತ್ತಿನ್ಯಾಗ ಯಾರರ ಬಂದು ಕೂರಿಗಿ ಕೇಳಿದ್ರ ಏನಂತಿದ್ರು?"

ಆ ಕಡೆಯ ಸಣ್ಣ ದನಿ ನನಗೂ ಕೇಳಿಸಿತು.

"ಒಯ್ಯಿ ಅಂತಿದ್ರು."

"ಮತ್ತ?"

ಅಷ್ಟೇ. ನಮ್ಮ ಕಪ್ಪು ಎರೆ ಹೊಲಗಳ ಸೀಮೆಯಲ್ಲಿ ಹದ ಬಂದಾಗ ಬಿತ್ತುವ ಕೂರಿಗೆಯನ್ನು ಇಲ್ಲ ಎನ್ನುವ ರೂಢಿಯಿಲ್ಲ. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಅದಕ್ಕೆ ಮುಯ್ಯಿ ಎನ್ನುತ್ತೇವೆ. ಹದ ತಪ್ಪಿದ ಮೇಲೆ ಕೂರಿಗೆ ಕೊಟ್ಟರೆಷ್ಟು, ಬಿಟ್ಟರೆಷ್ಟು? ಪುಕ್ಕಲನಿಗೂ ಅದು ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅವನು ಲಿಂಗಸುಗೂರಿನ ಬಸ್ಸಿನಲ್ಲಿ ಒಂದು ಬುತ್ತಿ ಕಳಿಸಿದ. ನಮ್ಮಲ್ಲಿ ಊರಿಂದೂರಿಗೆ ಬುತ್ತಿ ಹೋಗುವುದು ಹೀಗೆಯೇ, ಕಂಡಕ್ಟರ್ ಕೈಗೆ ಕೊಟ್ಟರಾಯಿತು. ಏನಿದೆ ಎಂದು ಕಂಡಕ್ಟರ್ ಕೇಳಿದ್ದಕ್ಕೆ, "ಬರೇ ರೊಟ್ಟಿರೀ, ಖರೇನ ಬರೇ ರೊಟ್ಟಿ" ಎಂದು ನಡುಗುತ್ತ ಹೇಳಿದನಂತೆ. ಮಸ್ಕಿಯಲ್ಲಿ ಕಾಕಾ ಅದೇ ಬಸ್ಸು ಹತ್ತಿ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಗಂಟು ಬಿಚ್ಚಿ ಡಬ್ಬಿ ತೆರೆದೆವು. ಸಜ್ಜೆ ರೊಟ್ಟಿ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಎರಡು ರೊಟ್ಟಿಗಳ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕೀಲಿ. ಸಂಜೆ ಐದರ ಬಸ್ಸಿಗೆ ವಾಪಸು ಕಳಿಸಬೇಕು, ಸೋಮವಾರ ಬೆಳಿಗ್ಗೆ ಅವನಿಗೆ ಲಗ್ನದ ಕೆಲಸವಿತ್ತು.

ಕೀಲಿ ಸಿಕ್ಕಿಸಿದೆ. ಪರದೆಯ ಮೇಲೆ ಕನ್ನಡ ಬಂತು. ಪಟ್ಟಿ ಇದ್ದಂತೆಯೇ ಇತ್ತು, ಒಂದು ಸಾಲೂ ಹೋಗಿರಲಿಲ್ಲ. ನಾನು ಅಂಗಿಯ ತೋಳಿಂದ ಕಣ್ಣೊರೆಸಿಕೊಂಡೆ. ಕಾಕಾ ಮಾತ್ರ "ಅಳೋದು ಆಮ್ಯಾಲೆ, ಮೊದಲ ಪ್ರಿಂಟು ತೆಗಿ" ಎಂದರು. ಎರಡು ಪುಟ ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ರೊಟ್ಟಿ ತಿಂದು, ಹಿಂಡಿ ನೆಕ್ಕಿ, ಕರೆಂಟಿನವರ ವಂಶವನ್ನೆಲ್ಲ ನೆನೆದು ಕೂತೆವು. ಮೂರಕ್ಕೆ ಬಂತು. ನಾಲ್ಕೂವರೆಗೆ ಕೊನೆಯ ಪುಟ ಕೈಯಲ್ಲಿತ್ತು.

ಕೀಲಿ ವಾಪಸು ಹೊರಟಾಗ ನನ್ನ ಹೆಂಡತಿ ಬುತ್ತಿಯ ಡಬ್ಬಿ ಕಿತ್ತುಕೊಂಡಳು. "ಖಾಲಿ ಡಬ್ಬಿ ಕಳಿಸ್ತಾರೇನ್ರಿ ಯಾರರ?" ಹೋಳಿಗೆ ತುಂಬಿ, ಮೇಲೊಂದಿಷ್ಟು ಹಬ್ಬಕ್ಕೆ ಹಂಚುವ ಬನ್ನಿ ಎಲೆ ಇಟ್ಟಳು. ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ನಾನು ಚೀಟಿ ಬರೆದೆ.

ಸೋಮವಾರ ಪತ್ರಿಕೆ ಬಂತು. ಮೊದಲ ಪುಟದ ಕೆಳಗೆ ನಾನೊಂದು ಸಾಲು ಹಾಕಿದ್ದೆ: ಈ ಸಂಚಿಕೆ ಮುಯ್ಯಿಗೆ ತಂದ ಕೀಲಿಯಿಂದ ಅಚ್ಚಾಗಿದೆ, ಕಂಪನಿ ಇದನ್ನು ಕಳ್ಳತನ ಎನ್ನುತ್ತದೆ, ಓದುಗರು ಏನೆನ್ನುತ್ತಾರೋ ಹೇಳಲಿ. ಯಾರ ಕೀಲಿ ಎಂದು ಬರೆಯಲಿಲ್ಲ, ಪುಕ್ಕಲನಿಗೆ ಮಾತು ಕೊಟ್ಟಿದ್ದೆ. ಮಂಗಳವಾರದ ಸಭೆಯಲ್ಲಿ ಎಲ್ಲಿ ನೋಡಿದರೂ ನಮ್ಮ ಪತ್ರಿಕೆ. ಈ ಸಲ ಬಾಯಿಮಾತೆಂದು ತಲೆಯಾಡಿಸಿ ಕಳಿಸುವಂತಿರಲಿಲ್ಲ. ಅಕ್ಷರ ಬಾರದ ಒಬ್ಬ ರೈತ ಎದ್ದು, ಪಟ್ಟಿಯಲ್ಲಿ ತನ್ನ ಹೆಸರು ಇರುವ ಜಾಗಕ್ಕೆ ಬೆರಳಿಟ್ಟು, "ಇಲ್ಲಿ ನಾ ಅದೀನ್ರಿ, ನೋಡ್ರಿ" ಎಂದ. ಸಾಹೇಬರು ಕನ್ನಡಕ ಹಾಕಿಕೊಂಡು ಎರಡು ಪುಟವನ್ನೂ ಗಟ್ಟಿಯಾಗಿ ಓದಿದರು, ಅಲ್ಲೇ ನೀರು ಬಿಡುವ ಸರದಿ ಬರೆಸಿದರು. ಅದೇ ವಾರ ಕೊನೆಯ ಹೊಲಗಳಿಗೆ ನೀರು ಮುಟ್ಟಿತು. ಕಾಕಾ ಮತ್ತು ನಾನು ಬಸ್ಸಿನಲ್ಲಿ ಹೋಗಿ ಕಾಲುವೆಯ ತುದಿಯಲ್ಲಿ ನಿಂತು ನೋಡಿ ಬಂದೆವು. ಅಂಥ ಖುಷಿ ನನಗೆ ನನ್ನ ಲಗ್ನದಲ್ಲೂ ಆಗಿರಲಿಲ್ಲ, ಹೆಂಡತಿ ಓದಿದರೆ ಕ್ಷಮಿಸಲಿ.

ಪತ್ರಿಕೆಯಲ್ಲಿ ನಾನು ಹಾಕಿದ್ದ ಆ ಸಾಲು ಕಂಪನಿಗೂ ಮುಟ್ಟಿತ್ತು. ತಿಂಗಳೊಳಗೆ ಅವರ ಏಜೆಂಟ್ ಕೈಚೀಲ ಹಿಡಿದು ಬಂದ; ಅಲ್ಲಿಯ ತನಕ ಪ್ರತಿ ಭಾನುವಾರ ಬರುವ ಬುತ್ತಿಯ ಕೀಲಿಯಿಂದಲೇ ಪತ್ರಿಕೆ ತಂದಿದ್ದೆವು. ಅವನು ಬರುವ ಸುದ್ದಿಯನ್ನು ನಾನು ಮೊದಲೇ ಮುಟ್ಟಿಸಿದ್ದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಆ ತಂತ್ರಾಂಶ ಕೊಂಡಿದ್ದ ಪ್ರೆಸ್ಸಿನವರೆಲ್ಲ ನನ್ನ ಅಂಗಡಿಯಲ್ಲಿ ಕೂತಿದ್ದರು. ಪುಕ್ಕಲ ದೋಸ್ತನೂ ಬಂದಿದ್ದ! ಬಾಗಿಲ ಹತ್ತಿರ, ಓಡಲು ಅನುಕೂಲವಾಗುವ ಜಾಗದಲ್ಲಿ ಕೂತಿದ್ದ.

"ಲಾಕ್ ಇನ್ನೊಬ್ಬರಿಗೆ ಕೊಡೋದು ಒಪ್ಪಂದಕ್ಕೆ ವಿರುದ್ಧ ಸಾರ್" ಎಂದ ಏಜೆಂಟ್.

"ಒಂದು ಮಾತು ಕೇಳ್ತೀನ್ರಿ" ಎಂದರು ಕಾಕಾ. "ಕೂರಿಗಿ ಮಾಡಿದ ಬಡಿಗ್ಯಾ ಬಿತ್ತೋ ಮುಂದ ಹೊಲಕ್ಕ ಬಂದು, ಇದು ನಿನ್ನ ಹೊಲಾನೋ ಮಂದೀ ಹೊಲಾನೋ ಅಂತ ಕೇಳ್ತಾನೇನ್ರಿ?"

ಏಜೆಂಟ್ ಬೆವರು ಒರೆಸಿಕೊಂಡ. ಪಾಪ, ನಿಯಮ ಬರೆದವನು ಅವನಲ್ಲ. ನಾನು ನಮ್ಮ ಕಾಗದ ಮುಂದಿಟ್ಟೆ. ಕೀಲಿ ಸತ್ತರೆ ಸತ್ತದ್ದನ್ನು ಪಡೆದು, ಬೆಲೆ ಕೇಳದೆ ಹೊಸದು ಕೊಡಬೇಕು. ಇಲ್ಲದಿದ್ದರೆ ಮೂರೂ ಊರಿನವರು ಒಟ್ಟಿಗೆ ಬೇರೆ ಕಂಪನಿ ನೋಡಿಕೊಳ್ಳುತ್ತೇವೆ. ಕೆಳಗೆ ಎಲ್ಲರ ಸಹಿಯಿತ್ತು. ಕೊನೆಯದು ನನ್ನ ದೋಸ್ತನದು, ಗುಬ್ಬಿಯ ಹೆಜ್ಜೆಯಂಥ ಅಕ್ಷರ, ಆದರೂ ಇತ್ತು. ಏಜೆಂಟ್ ಬೂತಿಗೆ ಹೋಗಿ ಬಹಳ ಹೊತ್ತು ಬೆಂಗಳೂರಿನೊಡನೆ ಮಾತಾಡಿ ಬಂದ. ಬಂದವನೇ ಚೀಲದಿಂದ ಹೊಸ ಕೀಲಿ ತೆಗೆದು ಮೇಜಿನ ಮೇಲಿಟ್ಟ. "ಹಳೇದು ಕೊಡಿ ಸಾರ್. ಇನ್ನು ಮೇಲೆ ಎಲ್ಲರಿಗೂ ಹೀಗೇ." ಹಳೆಯದರ ಮೇಲಿನ ವಿಭೂತಿ ನೋಡಿ ಏನೆಂದುಕೊಂಡನೋ, ಕೇಳಲಿಲ್ಲ.

ರಸೀತಿಯಲ್ಲಿ ಲಾಕನ್ನು ಯಾರಿಗೂ ಕೊಡುವುದಿಲ್ಲ ಎಂಬ ಸಾಲಿತ್ತು. ಅವನ ಕಣ್ಣೆದುರಿಗೇ ಅದನ್ನು ಹೊಡೆದುಹಾಕಿ ಸಹಿ ಮಾಡಿದೆ. ಅವನು ನೋಡಿದ, ಕಿಟಕಿಯ ಕಡೆ ತಿರುಗಿದ, ತಾನೂ ಸಹಿ ಮಾಡಿ ನನಗೊಂದು ಪ್ರತಿ ಕೊಟ್ಟ. ಊಟಕ್ಕೆ ಕೂಡಿಸಿದೆವು. ನಾಲ್ಕು ರೊಟ್ಟಿ ತಿಂದ.

ಬೇಸಿಗೆಯ ಲಗ್ನದ ದಿನಗಳಲ್ಲಿ ಲಿಂಗಸುಗೂರಿನಿಂದ ಫೋನು ಬಂತು. ಕರೆಂಟು ಏರಿಳಿದು ದೋಸ್ತನ ಕೀಲಿ ಸುಟ್ಟಿತ್ತು. ಹೊಸದು ಬರಲು ಎಂಟು ದಿನ, ಅಚ್ಚಾಗಬೇಕಾದ ಲಗ್ನಪತ್ರಿಕೆಗಳು ರಾಶಿ ಬಿದ್ದಿದ್ದವು. ಪತ್ರಿಕೆ ಹೊರಟ ಮರುದಿನ ನನ್ನ ಕೀಲಿ ಕಿತ್ತೆ. ಹೆಂಡತಿ ರೊಟ್ಟಿ ತಟ್ಟಿದಳು, ಕಾಕಾ ಗಂಟು ಕಟ್ಟಿದರು. ಕೀಲಿಯನ್ನು ನಾನು ರೊಟ್ಟಿಗಳ ನಡುವೆ ಬಚ್ಚಿಡಲಿಲ್ಲ, ಎಲ್ಲಕ್ಕಿಂತ ಮೇಲಿಟ್ಟು ಅದರಡಿಗೆ ಏಜೆಂಟ್ ಸಹಿ ಮಾಡಿದ ರಸೀತಿಯನ್ನು ಮಡಚಿಟ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಡಬ್ಬಿ ಕೈಗೆ ತೆಗೆದುಕೊಂಡು, "ಏನೈತ್ರೀ ಇದರಾಗ?" ಎಂದ.

"ರೊಟ್ಟಿ ಐತಿ. ಕೀಲಿ ಐತಿ" ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ.