ಎರಡನೇ ಸಲ ಕೇಳಬಾರದ ಪ್ರಶ್ನೆ

ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬೊಂಬೆ ಕೆಲಸದ ಮಾವ, ಚೀನಾದವರ ಪುರಾತನ ಶಕುನಶಾಸ್ತ್ರವನ್ನು ಒಂದು ಹರಕು ಪುಸ್ತಕದಿಂದ ಕಲಿತಿದ್ದರು. ಮೂರು ನಾಣ್ಯಗಳನ್ನು ಆರು ಸಲ ಎಸೆಯುತ್ತಿದ್ದರು. ಒಂದೊಂದು ಎಸೆತಕ್ಕೂ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇಡೀ ಗೆರೆಯನ್ನೋ ತುಂಡು ಗೆರೆಯನ್ನೋ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾ ಹೋಗುತ್ತಿದ್ದರು. ಆ ಆರು ಗೆರೆಗಳಿಗೆ ಪುಸ್ತಕದಲ್ಲಿ ಏನಿದೆಯೋ ಅದೇ ಉತ್ತರ.

"ಒಂದೇ ಸಲ ಕೇಳ್ಬೇಕು ಕಣವ್ವ. ಉತ್ತರ ಸರಿಹೋಗ್ನಿಲ್ಲ ಅಂತ ಇನ್ನೊಂದ್ಸಲ ಎಸುದ್ರೆ ಅದು ಮುನಿಸ್ಕೊಂಬುಡ್ತೈತೆ," ಎಂದು ಬಂದವರನ್ನೆಲ್ಲ ಹೆದರಿಸುತ್ತಿದ್ದರು.

ಅವರ ಮಗಳನ್ನು ಹೆರಿಗೆಗೆ ಸೇರಿಸಿದ ಮಧ್ಯಾಹ್ನ ನಾನು ಊಟ ಕೊಡಲು ಹೋದೆ. ಆಸ್ಪತ್ರೆಯಿಂದ ಇನ್ನೂ ಫೋನು ಬಂದಿರಲಿಲ್ಲ. ಹಲಗೆಯ ಮೇಲೆ ಒಂದೇ ಗೆರೆಯಿತ್ತು. ಮಾವನ ಕೈಯಿಂದ ಜಾರಿದ ನಾಣ್ಯವೊಂದು ನನ್ನ ಕಾಲ ಬಳಿಗೆ ಉರುಳಿತು.

"ಇದೇ ಮೊದಲ್ನೇ ಸಲ ಕಣವ್ವ," ಎಂದರು ಮಾವ, ನಾನು ಏನೂ ಕೇಳದಿದ್ದರೂ.

ನಾಣ್ಯ ಎತ್ತಿ ಕೊಟ್ಟೆ. ಅವರು ಚಾಚಿದ ಅಂಗೈ ತುಂಬ ಹಲಗೆ ಒರೆಸಿದ ಸುಣ್ಣ ಮೆತ್ತಿಕೊಂಡಿತ್ತು.