ಮಾವನ ಎಡೆಯ ಕಜ್ಜಾಯ

ನನ್ನ ತವರು ಮಾಗಡಿ ಪೇಟೆಯ ಒಂದು ಮಡಿಯ ಮನೆ. ಅಲ್ಲಿ ಹಬ್ಬವೆಂದರೆ ಮೊದಲು ಹಸಿವು, ಆಮೇಲೆ ಊಟ. ಮಧ್ಯಾಹ್ನ ಎರಡಾದರೂ ಸರಿಯೇ, ನೈವೇದ್ಯವಾಗುವ ತನಕ ಬಾಯಿಗೆ ಒಂದು ಹನಿ ಕಾಫಿ ಬೀಳುತ್ತಿರಲಿಲ್ಲ. ಏಕಾದಶಿಯ ದಿನ ಅನ್ನ ಮುಟ್ಟುತ್ತಿರಲಿಲ್ಲ. ಅನ್ನ ಬಿಟ್ಟ ತ್ಯಾಗಕ್ಕೆ ಪ್ರತಿಯಾಗಿ ತುಪ್ಪದ ಸಜ್ಜಿಗೆ, ಮೊಸರವಲಕ್ಕಿ, ಬಾಳೆಹಣ್ಣಿನ ರಸಾಯನ, ಇಷ್ಟನ್ನು ಮಾತ್ರ ತಿಂದು ಮಲಗುತ್ತಿದ್ದೆವು. ನಮ್ಮಪ್ಪ ಯುಗಾದಿಗೆ ಎಂಟು ಒಬ್ಬಟ್ಟನ್ನು ತುಪ್ಪದಲ್ಲಿ ಅದ್ದಿ ಮುಗಿಸಿ, ಕೈ ತೊಳೆದು ಬಂದು, ಮಾರನೆಯ ದಿನ ಬಾಡೂಟಕ್ಕೆ ಕಾದು ಕುಳಿತ ಊರಿನವರನ್ನು ನೆನೆದು, ‘ಪಾಪ, ನಾಲಿಗೆ ಚಪಲ’ ಎಂದು ಮರುಗುತ್ತಿದ್ದರು. ಈರುಳ್ಳಿ ಹಾಕದಿದ್ದರೆ ಎಷ್ಟು ತಿಂದರೂ ಅದು ಸಂಯಮವೇ ಎಂದು ಮದುವೆಯಾಗುವ ತನಕ ನಾನೂ ನಂಬಿದ್ದೆ.

ಎರಡೂ ಕಡೆಯವರು ಅತ್ತು ಕರೆದು ಸುಸ್ತಾದ ಮೇಲೆ ನನ್ನ ಮದುವೆಯಾದದ್ದು ಕೂಟಗಲ್ ಕಡೆಯ ಒಕ್ಕಲು ಮನೆಯ ಹುಡುಗನ ಜೊತೆ. ತವರಿನಿಂದ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಊಟದ ವಿಷಯದಲ್ಲಿ ಮಾತ್ರ ಬೇರೆ ದೇಶ. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎಂದರೆ ಮರ್ಯಾದಸ್ಥೆ. ಇಲ್ಲಿ ಮೊದಲನೆಯ ‘ಸಾಕು’ ಯಾರ ಕಿವಿಗೂ ಬೀಳುವುದಿಲ್ಲ. ಎರಡನೆಯದಕ್ಕೆ ನಗುತ್ತಾರೆ. ಮೂರನೆಯ ಸಲ ಹೇಳಿದರೆ, ಅಡುಗೆ ಏನಾದರೂ ಕೆಟ್ಟಿದೆಯೇ ಎಂದು ಒಲೆಯ ಮುಂದೆ ಗುಸುಗುಸು ಶುರುವಾಗುತ್ತದೆ. ಬಾಡು ಬೇಯುವ ಒಲೆ ಹಿತ್ತಲಿನಲ್ಲಿತ್ತು. ಅತ್ತೆ ನನ್ನನ್ನು ಅದರ ಹತ್ತಿರ ಸೇರಿಸುತ್ತಿರಲಿಲ್ಲ. “ನಿಂಗ್ಯಾಕವ್ವ ಈ ವಾಸ್ನೆ, ನೀನು ಒಳಗಿರು” ಎಂದು ನನಗೆ ಬೇರೆ ಪಾತ್ರೆಯಲ್ಲಿ ಅವರೆಕಾಳಿನ ಸಾರು ಮಾಡಿಡುತ್ತಿದ್ದರು. ನನ್ನ ಮಡಿಯನ್ನು ನನಗಿಂತ ಚೆನ್ನಾಗಿ ಕಾಪಾಡಿದವರು ಅವರೇ.

ಎರಡು ಮನೆಗಳ ನಡುವೆ ನಿಜವಾಗಿ ದೊಡ್ಡ ಅಂತರ ಕಂಡದ್ದು ಸತ್ತವರ ಊಟದಲ್ಲಿ. ನಮ್ಮಲ್ಲಿ ಶ್ರಾದ್ಧದ ಅಡುಗೆಯನ್ನು ಶಾಸ್ತ್ರ ಹೇಳುತ್ತದೆ. ತಾತನಿಗೆ ಹಾಗಲಕಾಯಿ ಕಂಡರೆ ಆಗದಿದ್ದರೂ ವರ್ಷವರ್ಷ ಅವರ ಹೆಸರಿನಲ್ಲಿ ಹಾಗಲಕಾಯಿ ಬೇಯುತ್ತದೆ. ಇಲ್ಲಿ ಪಿತೃಪಕ್ಷಕ್ಕೆ ಹಿರಿಯರಿಗೆ ಎಡೆ ಇಡುತ್ತಾರೆ, ಅದೂ ಅವರವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನೇ. ಆರು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಅವರ ಫೋಟೋದ ಮುಂದೆ ಬಾಳೆ ಎಲೆ ಹಾಸಿ ಮುದ್ದೆ, ಬಾಡಿನ ಸಾರು, ಕುರಿಯ ಕರುಳಿನ ಬೋಟಿ ಗೊಜ್ಜು, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬ್ರಾಂದಿ ಇಟ್ಟರು. ಯಾವ ವೈದ್ಯರು ಯಾವುದನ್ನು ಬಿಡಿ ಎಂದಿದ್ದರೋ ಅದೆಲ್ಲ ಎಲೆಯ ಮೇಲಿತ್ತು. ಪಟ್ಟಿ ಹೇಳಿದವರು ಅತ್ತೆ. ಕೊನೆಗೆ, “ಕಜ್ಜಾಯ ಮರೀಬ್ಯಾಡಿ, ಅವ್ರಿಗೆ ಕಜ್ಜಾಯ ಅಂದ್ರೆ ಪಿರಾಣ” ಎಂದರು. ಬೆಲ್ಲದ ಪಾಕಕ್ಕೆ ಅಕ್ಕಿಹಿಟ್ಟು ಕಲಸಿ, ಎಲೆಯ ಮೇಲೆ ತಟ್ಟಿ, ಎಣ್ಣೆಯಲ್ಲಿ ಬಿಟ್ಟು ತೆಗೆಯುವುದರಲ್ಲಿ ಅವರ ಕೈ ಊರಿಗೇ ಪ್ರಸಿದ್ಧ.

ನಾಲ್ಕು ವರ್ಷದ ಹಿಂದೆ ಅತ್ತೆಯ ಕಾಲಿಗೆ ಹಿಪ್ಪುನೇರಳೆ ಕಡ್ಡಿ ಚುಚ್ಚಿ ಆದ ಗಾಯ ಮೂರು ತಿಂಗಳಾದರೂ ಮಾಯಲಿಲ್ಲ. ರಾಮನಗರದಲ್ಲಿ ತೋರಿಸಿದಾಗ ಸಕ್ಕರೆ ಕಾಯಿಲೆ ಎಂದರು. ಇನ್ನೊಂದು ಸಲ ಹೀಗಾದರೆ ಬೆರಳು ತೆಗೆಯಬೇಕಾಗುತ್ತದೆ ಎಂದೂ ಹೇಳಿದರು. ಅವತ್ತಿನಿಂದ ಅಧಿಕಾರ ನನ್ನ ಕೈಗೆ ಬಂತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು. ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಬೆಳಗ್ಗೆ ಓಟ್ಸ್ ಗಂಜಿ, ಹಾಗಲಕಾಯಿ ರಸ. ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪು. ಹಬ್ಬಕ್ಕೂ ರಿಯಾಯಿತಿಯಿಲ್ಲ. ಬೆರಳು ಚುಚ್ಚಿ ರಕ್ತ ನೋಡುವ ಮಿಷನ್ನನ್ನು ನಾನು ಪೊಲೀಸಿನವರಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಿರಲಿಲ್ಲ ಅಷ್ಟೆ. ಅವರ ಪ್ರಾಣ ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ನನಗಿತ್ತು, ಅದು ಸುಳ್ಳೂ ಆಗಿರಲಿಲ್ಲ.

ಕಳೆದ ಪಿತೃಪಕ್ಷದಲ್ಲಿ ಎಂದಿನಂತೆ ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಹಿರಿಯರು ಬಂದು ಉಣ್ಣುವಾಗ ಬದುಕಿದ್ದವರು ನೋಡಬಾರದು. ಜಗಲಿಯ ಮೇಲೆ ಗಂಡಸರು ಫೋನ್ ನೋಡುತ್ತಾ ಕಾದರು. ಅತ್ತೆ, “ಹಿತ್ಲು ಒಲೆ ಆರಿಸಿ ಬತ್ತೀನಿ” ಎಂದು ಮನೆ ಸುತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ಮೈದುನ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋದವನೇ ಕೂಗಿಕೊಂಡ.

“ಅಣ್ಣ, ಬಾ ಇಲ್ಲಿ! ಅಪ್ಪ ಬಂದೋಗವ್ನೆ!”

ಐದು ಕಜ್ಜಾಯ ಇಟ್ಟಿದ್ದೆವು. ಎರಡು ಉಳಿದಿದ್ದವು. ಮುದ್ದೆ, ಬಾಡು, ಬ್ರಾಂದಿ ಯಾವುದೂ ಕದಲಿರಲಿಲ್ಲ. ಮೈದುನ ಅಳುತ್ತಲೇ ಫೋಟೋ ತೆಗೆದು ಮನೆಯವರ ಗ್ರೂಪಿಗೆ ಹಾಕಿದ. ಅಕ್ಕಪಕ್ಕದವರು ಬಂದು ಎಲೆಗೆ ಕೈ ಮುಗಿದರು. ಪಕ್ಕದ ಮನೆಯವನು ತನ್ನ ತಮ್ಮನ ಮೇಲೆ ರೇಗಿದ: “ನೋಡ್ಲಾ, ನೀನು ಭಕ್ತಿಯಿಂದ ಮಾಡಿದ್ರೆ ನಮ್ಮಪ್ಪಾನೂ ಬರೋನು ಕಣ್ಲಾ!” ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಬಂದ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾ, “ಬರ್ದೆ ಇರ್ತಾರಾ?” ಎಂದರು. ಆ ಸೆರಗಿನ ತುದಿಯಲ್ಲಿ ಎಣ್ಣೆಯ ಕಲೆಯಿತ್ತು. ಅದನ್ನು ನೋಡಿದವಳು ನಾನೊಬ್ಬಳೇ.

ಮಾರನೆಯ ಬೆಳಗ್ಗೆ ಮಿಷನ್ನು ಮುನ್ನೂರ ಹನ್ನೆರಡು ತೋರಿಸಿತು. ಉಂಡವರು ಮಾವ, ಸಕ್ಕರೆ ಏರಿದ್ದು ಅತ್ತೆಗೆ. “ಮಿಷನ್ ಕೆಟ್ಟೋಗೈತೆ” ಎಂದು ಅತ್ತೆ ಬೆರಳು ಹಿಂದಕ್ಕೆಳೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ ಕಾಲನ್ನು ಮೂರು ಕಜ್ಜಾಯಕ್ಕೆ ಪಣವಿಟ್ಟಿದ್ದಾರಲ್ಲ! ನೇರ ಗಂಡನ ಹತ್ತಿರ ಹೋಗಿ, “ಮಾವನವರಿಗೆ ಕಜ್ಜಾಯದ ಮೇಲೆ ಅಷ್ಟು ಆಸೆಯಿತ್ತಾ?” ಎಂದು ಕೇಳಿದೆ. ಅವರು ಹಲ್ಲುಜ್ಜುವುದನ್ನು ನಿಲ್ಲಿಸಿ ಯೋಚಿಸಿದರು.

“ಅಪ್ಪನಾ? ಬೆಲ್ಲದ ಪದಾರ್ಥ ಕಂಡ್ರೆ ಮೂಗು ಮುರಿಯೋನು ಕಣೇ. ಈಗ ಯಾಕೆ ತಿಂದ ಅಂತ ನಂಗೂ ರಾತ್ರಿಯೆಲ್ಲ ಅದೇ ಯೋಚ್ನೆ.”

ಗಂಡನಿಗೆ ಅದರಾಚೆಗೆ ಏನೂ ಹೊಳೆಯಲಿಲ್ಲ. ನಾನು ಹೇಳಲೂ ಇಲ್ಲ. ಅವರೆಲ್ಲ ತೋಟಕ್ಕೆ ಹೋಗುವ ತನಕ ಕಾದು, ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ಎದುರು ಕೂತೆ.

“ಅತ್ತೆ, ಕಜ್ಜಾಯ ತಿಂದದ್ದು ಯಾರು?”

“ನಿಮ್ಮಾವ.”

“ಮಾವನವರು ಬೆಲ್ಲ ಮುಟ್ಟುತ್ತಿರಲಿಲ್ಲವಂತೆ.”

ಅತ್ತೆ ಇನ್ನೆರಡು ಕಡ್ಡಿ ಸೊಪ್ಪು ಬಿಡಿಸಿದರು. ಆಮೇಲೆ, “ನಾನು ಸತ್ರೆ ನನ್ನೆಡೆಗೆ ಏನಿಕ್ತೀಯವ್ವ?” ಎಂದರು.

ಜಗಳಕ್ಕೆ ಸಿದ್ಧವಾಗಿ ಬಂದವಳು ನಾನು. ಅವರಿಗೆ ಏನು ಇಷ್ಟ ಎಂಬುದೇ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದೇವೆ. ಮೈದುನನಿಗೆ ಯಾವ ತುಂಡು ಬೇಕು, ಗಂಡನ ಮುದ್ದೆ ಎಷ್ಟು ಗಟ್ಟಿಯಿರಬೇಕು ಎಲ್ಲ ಗೊತ್ತು. ಅತ್ತೆ ಮಾತ್ರ ಯಾವಾಗಲೂ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡವರು. ಮಾಗಡಿಯಲ್ಲಿ ನಮ್ಮಮ್ಮನೂ ಕೊನೆಗೇ ಉಣ್ಣುತ್ತಿದ್ದಳು. ಅದನ್ನು ನಾವು ವ್ರತ ಎಂದುಕೊಂಡಿದ್ದೆವು.

“ನಂಗೊತ್ತು,” ಎಂದರು ಅತ್ತೆ. “ಆ ಓಟ್ಸ್ ಗಂಜೀನೇ ಇಕ್ತೀರ. ನಾಕು ವರ್ಸದಿಂದ ಅದ್ನೇ ಕುಡ್ಯೋದ ನೋಡವ್ರಲ್ಲ ನನ್ ಮಕ್ಳು. ನಮ್ಮವ್ವಂಗೆ ಇದಂದ್ರೆ ಪಿರಾಣ ಅಂದ್ಬುಟ್ಟು, ಕಣ್ಣೀರಾಕ್ಕೊಂಡು, ಪಕ್ಕದಾಗೆ ಹಾಗಲಕಾಯಿ ರಸಾನೂ ಮಡಗ್ತಾರೆ. ನನ್ನೆಡೇನ ನಾನೇ ಇಕ್ಕೊಂಡೆ. ನಿಮ್ಮಾವ ಹೋದಾಗಿಂದ, ಆರು ವರ್ಸದಿಂದ ಅವ್ರ ಹೆಸ್ರಲ್ಲಿ ಇಕ್ಕೊತಾವ್ನಿ. ಅದ್ಕೇ ಈ ಸಲ ಉಂಡ್ಬುಟ್ಟೆ, ಅಷ್ಟೇಯ.”

ನಗು ಬಂತು. ನಕ್ಕೆ ಕೂಡ. ಆದರೆ ಮೈದುನ ಗಂಜಿಯ ಬಟ್ಟಲಿಗೆ ಕೈ ಮುಗಿದು ನಿಂತದ್ದು ಕಣ್ಣಿಗೆ ಕಟ್ಟಿದಂತಾಗಿ ನಗು ನಿಂತುಹೋಯಿತು. ಅವನು ಖಂಡಿತ ಹಾಗೆ ಮಾಡುತ್ತಿದ್ದ. ಪಕ್ಕದಲ್ಲಿ ನಾನೂ ನಿಂತಿರುತ್ತಿದ್ದೆ.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಗೋಡೆ ತೋರಿಸ್ತಿದ್ದೆ.”

ಹೌದು, ತೋರಿಸುತ್ತಿದ್ದೆ. ತಪ್ಪು ನನ್ನದೂ ಅಲ್ಲ, ಆ ಪಟ್ಟಿಯದೂ ಅಲ್ಲ. ಆದರೂ ನಾಚಿಕೆಯಾಯಿತು. “ಹೇಗಿತ್ತು ಕಜ್ಜಾಯ?” ಎಂದು ಕೇಳಿದೆ.

“ತಣ್ಣಗಾಗಿತ್ತು,” ಎಂದರು ಅತ್ತೆ. “ಐವತ್ತು ವರ್ಸದಿಂದ ಕಜ್ಜಾಯ ಮಾಡ್ತಾವ್ನಿ ಕಣವ್ವ. ಎಡೆಗಿಕ್ಕೋಕೆ ಮುಂಚೆ ಬಾಯಿಗಾಕ್ಬಾರ್ದು. ಆಮ್ಯಾಕೆ ಗಂಡಸ್ರು, ನೆಂಟ್ರು, ಮಕ್ಳು. ಬಾಂಡ್ಲಿಯಿಂದ ತೆಗ್ದಿದ್ದು ತೆಗ್ದಂಗೆ ತಿಂದ್ರೆ ಎಂಗಿರ್ತದೋ ನಂಗೊತ್ತಿಲ್ಲ.”

ಡಬ್ಬಿಯ ತಳದಲ್ಲಿ ಒಂದಿಷ್ಟು ಪಾಕದ ಹಿಟ್ಟು ಉಳಿದಿತ್ತು. ಹಗಲು ಹನ್ನೊಂದು ಗಂಟೆ. ಹಬ್ಬವೂ ಅಲ್ಲ, ಮನೆಯಲ್ಲಿ ಬೇರೆ ಯಾರೂ ಇಲ್ಲ. ನಾನು ಬಾಂಡಲೆಗೆ ಎಣ್ಣೆ ಹಾಕಿ ಸ್ಟವ್ ಹಚ್ಚಿದೆ. ಒಂದೇ, ಅದೂ ಚಿಕ್ಕದು ಎಂದು ಗದರಿದೆ. ಅತ್ತೆ ತಲೆಯಾಡಿಸಿದರು. ನಾನು ದಪ್ಪಗೆ, ವಕ್ರವಾಗಿ ತಟ್ಟಿದೆ. ಅಂಚು ಹರಿಯಿತು. ಬೇರೆ ದಿನವಾಗಿದ್ದರೆ ಅವರು ಕಿತ್ತುಕೊಂಡು ತಾವೇ ತಟ್ಟುತ್ತಿದ್ದರು. ಇವತ್ತು ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಣೆಯ ಮೇಲೆ ಕೂತೇ ಇದ್ದರು. ಎಣ್ಣೆ ಸೋರಿಸಿ ತಟ್ಟೆಯಲ್ಲಿಟ್ಟು ಅವರ ಮುಂದೆ ತಳ್ಳಿದೆ.

“ಬಾಯಿ ಸುಡುತ್ತೆ ಅತ್ತೆ, ಊದಿಕೊಂಡು ತಿನ್ನಿ.”

ಅವರು ಊದಲಿಲ್ಲ.